ಹಗ್ಗ ಎಳೆಯುವ ಹಕ್ಕು: ಅಮೆರಿಕದಲ್ಲಿ ಟೊಯೋಟಾ



ಮುಂಬಯಿಯಿಂದ ಶಿರಡಿಗೆ, ಪುಣೆಯಿಂದ ಹುಬ್ಬಳ್ಳಿಗೆ, ಹೈದರಾಬಾದಿನಿಂದ ಕಲಬುರಗಿಗೆ ಮನೆಮಂದಿಯೆಲ್ಲ ಹೊರಟಾಗ ಟ್ರಾವೆಲ್ಸಿನವರಿಗೆ ಫೋನ್ ಮಾಡಿ ನಾವು ಕೇಳುವ ಮೊದಲ ಮಾತು, "ಇನ್ನೋವಾ ಇದೆಯಾ?" ದಾರಿಯಲ್ಲಿ ಕೈಕೊಡುವುದಿಲ್ಲ ಎಂಬ ನಂಬಿಕೆ ಆ ಗಾಡಿಗೆ ಅಂಟಿಕೊಂಡಿದೆ. ಆದರೆ ಅದನ್ನು ತಯಾರಿಸುವ ಟೊಯೋಟಾ ಕಂಪನಿ ಮೊದಲ ಸಲ ಅಮೆರಿಕಕ್ಕೆ ಕಾರು ಕೊಂಡೊಯ್ದಾಗ ಆ ಕಾರು ಏರುದಾರಿಯಲ್ಲಿ ಏದುಸಿರು ಬಿಟ್ಟಿತ್ತು. ಅಲ್ಲಿಂದ ಆ ದೇಶದ ಮಾರುಕಟ್ಟೆಯಲ್ಲಿ ಮೊದಲ ಸ್ಥಾನಕ್ಕೆ ಏರುವವರೆಗಿನ ಅರುವತ್ತು ಚಿಲ್ಲರೆ ವರ್ಷಗಳ ಕಥೆ ಈ ಸಲದ ನಮ್ಮ ವಿಷಯ. ಕಾರಿನ ಬಗ್ಗೆ ಆಸಕ್ತಿ ಇಲ್ಲದವರೂ ಓದಬಹುದು. ಇದರಲ್ಲಿ ಎಂಜಿನ್ನಿಗಿಂತ ಮನುಷ್ಯರ ಮಾತೇ ಹೆಚ್ಚು.

1957ರ ಅಕ್ಟೋಬರ್ 31ರಂದು ಕ್ಯಾಲಿಫೋರ್ನಿಯಾದ ಹಾಲಿವುಡ್‌ನಲ್ಲಿ, ಮೊದಲು ಬೇರೊಂದು ಕಂಪನಿಯ ಕಾರು ಮಾರುತ್ತಿದ್ದ ಒಂದು ಮಳಿಗೆಯಲ್ಲಿ ಟೊಯೋಟಾದ ಅಮೆರಿಕನ್ ಮಾರಾಟ ಸಂಸ್ಥೆ ಶುರುವಾಯಿತು. ಮಾರಲು ತಂದದ್ದು 'ಟೊಯೋಪೆಟ್ ಕ್ರೌನ್' ಎಂಬ ಕಾರು. ಜಪಾನಿನಲ್ಲಿ ಇದಕ್ಕೆ ಒಳ್ಳೆಯ ಹೆಸರಿತ್ತು. ಅಲ್ಲಿನ ರಸ್ತೆಗಳಲ್ಲಿ ಆಗ ಡಾಂಬರು ಕಂಡವು ಕಡಿಮೆ. ಗುಂಡಿ ಬಿದ್ದ ದಾರಿಯಲ್ಲಿ ನಿಧಾನವಾಗಿ ಹೋಗುವ ಟ್ಯಾಕ್ಸಿಯವರಿಗೆ ಬೇಕಾದ ಗಟ್ಟಿತನ ಇದಕ್ಕಿತ್ತು. ಅಮೆರಿಕದ ಕಥೆಯೇ ಬೇರೆ. ಅಗಲವಾದ ಹೆದ್ದಾರಿ, ಗಂಟೆಗೆ ನೂರು ಕಿಲೋಮೀಟರ್ ವೇಗ. ಸುಮಾರು ಅರುವತ್ತು ಅಶ್ವಶಕ್ತಿಯ ಪುಟ್ಟ ಎಂಜಿನ್ನಿಗೆ ಒಂದು ಟನ್ನಿಗೂ ಮೀರಿದ ಆ ಮೈಯನ್ನು ಎಳೆದುಕೊಂಡು ಹೋಗುವುದೇ ಕಷ್ಟವಾಯಿತು. ವೇಗ ಹೆಚ್ಚಿಸಿದರೆ ಗಾಡಿ ನಡುಗುತ್ತಿತ್ತು, ಏರು ಬಂದರೆ ಎಂಜಿನ್ ಕಾದು ಕೆಂಡವಾಗುತ್ತಿತ್ತು. ಬೆಲೆ ಮಾತ್ರ ಜರ್ಮನಿಯ ವೋಕ್ಸ್‌ವ್ಯಾಗನ್ ಬೀಟಲ್‌ಗಿಂತ ಜಾಸ್ತಿ. ಹೆಸರಾದರೂ ಹೇಗಿದೆ ನೋಡಿ: ಇಂಗ್ಲಿಷಿನವರ ಕಿವಿಗೆ 'ಟಾಯ್' ಎಂದರೆ ಆಟಿಕೆ, 'ಪೆಟ್' ಎಂದರೆ ಸಾಕುಪ್ರಾಣಿ!

1958ರ ಇಡೀ ವರ್ಷದಲ್ಲಿ ಮಾರಾಟವಾದದ್ದು 287 ಟೊಯೋಪೆಟ್ ಕಾರುಗಳು ಮತ್ತು ಒಂದೇ ಒಂದು ಲ್ಯಾಂಡ್ ಕ್ರೂಸರ್ ಜೀಪು. ಕೆಲವೇ ವರ್ಷಗಳಲ್ಲಿ ಕ್ರೌನ್ ಮಾರಾಟವನ್ನು ಕಂಪನಿ ನಿಲ್ಲಿಸಿತು. ಅಂಗಡಿಯ ಬಾಗಿಲು ಮುಚ್ಚದಂತೆ ಕಾಪಾಡಿದ್ದು ಆ ಒಂದು ಸಂಖ್ಯೆಯಿಂದ ಶುರುವಾದ ಜೀಪೇ. ಗಂಟುಮೂಟೆ ಕಟ್ಟಿಕೊಂಡು ವಾಪಸು ಹೋಗಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆದರೆ ಅವರು ಅಮೆರಿಕದ ರಸ್ತೆಗೆ ಯಾವ ಕಾರು ಬೇಕು ಎಂಬುದನ್ನು ಅಮೆರಿಕದಲ್ಲೇ ನೋಡಿ ತಿಳಿದುಕೊಂಡು, 1965ರಲ್ಲಿ 'ಕೊರೋನಾ' ಎಂಬ ಕಾರು ತಂದರು. (ಹೌದು, ಆ ಹೆಸರೇ. ಆಗ ಅದಕ್ಕೆ ಕಿರೀಟ ಎಂಬ ಅರ್ಥವೊಂದೇ ಇತ್ತು.) ತೊಂಬತ್ತು ಅಶ್ವಶಕ್ತಿಯ ಎಂಜಿನ್, ಬೇಕೆಂದವರಿಗೆ ತಾನೇ ಗೇರ್ ಬದಲಿಸುವ ಸೌಲಭ್ಯ, ಬೆಲೆ ಎರಡು ಸಾವಿರ ಡಾಲರಿಗಿಂತ ಕಡಿಮೆ. ಇದು ಓಡಿತು. 1968ರಲ್ಲಿ ಕೊರೊಲಾ ಬಂತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ಕೊಡುವುದನ್ನು ನಿಲ್ಲಿಸಿ, ಪೆಟ್ರೋಲ್ ಬಂಕುಗಳ ಮುಂದೆ ಮೈಲುದ್ದದ ಸಾಲು ನಿಂತಾಗ ಕಡಿಮೆ ಪೆಟ್ರೋಲ್ ಕುಡಿಯುವ ಸಣ್ಣ ಕಾರಿಗೆ ಶುಕ್ರದೆಸೆ ತಿರುಗಿತು. 1975ರಲ್ಲಿ ಟೊಯೋಟಾ ವೋಕ್ಸ್‌ವ್ಯಾಗನ್ನನ್ನು ಹಿಂದೆ ಹಾಕಿ, ಅಮೆರಿಕದಲ್ಲಿ ಮಾರಾಟವಾಗುವ ವಿದೇಶಿ ಕಾರುಗಳಲ್ಲಿ ಮೊದಲನೆಯದಾಯಿತು.

ನಡುವೆ ಒಂದು ತಮಾಷೆಯ ಪ್ರಸಂಗ ಹೇಳಿಬಿಡುತ್ತೇನೆ. 1960ರ ದಶಕದ ಆರಂಭದಲ್ಲಿ ಯುರೋಪಿನ ದೇಶಗಳು ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಏರಿಸಿದವು. ಸಿಟ್ಟಿಗೆದ್ದ ಅಮೆರಿಕ ಹೊರದೇಶದ ಸಣ್ಣ ಟ್ರಕ್ಕುಗಳ ಮೇಲೆ 1964ರಿಂದ ಶೇಕಡಾ 25 ಸುಂಕ ಹಾಕಿತು. ಜಗಳ ಕೋಳಿಯದು, ಪೆಟ್ಟು ಬಿದ್ದದ್ದು ಟ್ರಕ್ಕಿಗೆ. ಹಾಗಾಗಿ ಇದಕ್ಕೆ 'ಕೋಳಿ ತೆರಿಗೆ' ಎಂದೇ ಹೆಸರು ಬಿತ್ತು. ಯುರೋಪಿನ ಮೇಲಿನ ಸಿಟ್ಟಿಗೆ ಜಪಾನಿನವರೂ ತೆರಬೇಕಾಯಿತು. ಅವರು ಕಂಡುಕೊಂಡ ಉಪಾಯ ಸರಳ: ಹಿಂದಿನ ತೊಟ್ಟಿ ಇಲ್ಲದ ಬರೀ ಮುಂಭಾಗ ಮತ್ತು ಚಾಸಿಯನ್ನು ಹಡಗಿನಲ್ಲಿ ತಂದರೆ ಅದು ಲೆಕ್ಕದಲ್ಲಿ ಪೂರ್ತಿ ಟ್ರಕ್ಕಲ್ಲ, ಸುಂಕ ಶೇಕಡಾ ನಾಲ್ಕು ಮಾತ್ರ. ತೊಟ್ಟಿಯನ್ನು ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲೇ ತಯಾರಿಸಿ ಕೂರಿಸಿದರಾಯಿತು! 1980ರಲ್ಲಿ ಸರ್ಕಾರ ಈ ಸಂದನ್ನು ಮುಚ್ಚಿತು. ಅಮೆರಿಕದಲ್ಲಿ ಟೊಯೋಟಾ ಕೈಯಾರೆ ಏನನ್ನಾದರೂ ತಯಾರಿಸಲು ಶುರುಮಾಡಿದ್ದು ಹೀಗೆ, ಸುಂಕ ತಪ್ಪಿಸಿಕೊಳ್ಳಲು.

ತಮಾಷೆ ಇಲ್ಲಿಗೆ ಮುಗಿಯಿತು. 1979ರಲ್ಲಿ ಇರಾನಿನ ಕ್ರಾಂತಿಯ ನಂತರ ತೈಲದ ಬೆಲೆ ಮತ್ತೆ ಏರಿತು. ಭಾರೀ ಕಾರುಗಳನ್ನೇ ನಂಬಿದ್ದ ಡೆಟ್ರಾಯಿಟ್ ನಗರದ ಕಾರ್ಖಾನೆಗಳು ಒಂದೊಂದಾಗಿ ಮುಚ್ಚತೊಡಗಿದವು. ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಹೊಟ್ಟೆಯ ಬೆಂಕಿ ಸುಡಲು ಯಾರಾದರೂ ಬೇಕಿತ್ತು. ಕಾರ್ಮಿಕ ಸಂಘದ ಕಚೇರಿಗಳ ಮುಂದೆ ವಿದೇಶಿ ಕಾರು ನಿಲ್ಲಿಸಬಾರದೆಂದು ಫಲಕ ಹಾಕಿದರು, ಜಾತ್ರೆಯ ಆಟದಂತೆ ಜಪಾನಿ ಕಾರನ್ನು ಸುತ್ತಿಗೆಯಿಂದ ಜಜ್ಜಿದರು. 1982ರ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ವಿನ್ಸೆಂಟ್ ಚಿನ್ ಎಂಬ 27 ವರ್ಷದ ಯುವಕನನ್ನು ಇಬ್ಬರು ಬೇಸ್‌ಬಾಲ್ ದಾಂಡಿನಿಂದ ಹೊಡೆದು ಕೊಂದರು. ಒಬ್ಬ ಕಾರು ಕಾರ್ಖಾನೆಯ ಮೇಲ್ವಿಚಾರಕ, ಇನ್ನೊಬ್ಬ ಅವನ ಮಲಮಗ, ಕಾರು ಉದ್ಯಮದಲ್ಲಿ ಕೆಲಸ ಕಳೆದುಕೊಂಡವ. ಚಿನ್ ಜಪಾನಿನವನೇ ಅಲ್ಲ, ಚೀನಾ ಮೂಲದ ಅಮೆರಿಕನ್. ಅವನ ಮದುವೆಗೆ ಕೆಲವೇ ದಿನಗಳಿದ್ದವು. ಕೊಂದವರಿಗೆ ನ್ಯಾಯಾಧೀಶರು ಕೊಟ್ಟ ಶಿಕ್ಷೆ ಮೂರು ವರ್ಷದ ಪ್ರೊಬೇಷನ್ ಮತ್ತು ಮೂರು ಸಾವಿರ ಡಾಲರ್ ದಂಡ. ಒಂದು ದಿನವೂ ಜೈಲಿಲ್ಲ. ನಾವು ಊರು ಬಿಟ್ಟು ಬೇರೆ ಭಾಷೆಯವರ ನಡುವೆ ಬದುಕುವವರು. "ಹೊರಗಿನವರು ನಮ್ಮ ಕೆಲಸ ಕಿತ್ತುಕೊಂಡರು" ಎಂಬ ಕೂಗು ನಮ್ಮ ಕಿವಿಗೆ ಹೊಸದಲ್ಲ. ಆದ್ದರಿಂದಲೇ ಈ ಘಟನೆಯನ್ನು ಇಲ್ಲಿ ಬಿಟ್ಟು ಮುಂದೆ ಹೋಗಲು ಮನಸ್ಸಾಗಲಿಲ್ಲ.

ಇಂಥ ವಾತಾವರಣದಲ್ಲಿ ಜಪಾನ್ ಸರ್ಕಾರ ತಾನಾಗಿಯೇ ಕಾರು ರಫ್ತಿಗೆ ಮಿತಿ ಹಾಕಿಕೊಂಡಿತು. 'ತಾನಾಗಿಯೇ' ಎಂಬುದು ಕಾಗದದ ಮಾತು, ಒತ್ತಡ ಅಮೆರಿಕದ್ದು. 1981ರಿಂದ ವರ್ಷಕ್ಕೆ 16 ಲಕ್ಷ 80 ಸಾವಿರ ಕಾರುಗಳಿಗಿಂತ ಹೆಚ್ಚು ಕಳಿಸುವಂತಿಲ್ಲ. ಇನ್ನು ಉಳಿದ ದಾರಿ ಒಂದೇ: ಅಮೆರಿಕದಲ್ಲೇ ಕಾರ್ಖಾನೆ ಕಟ್ಟುವುದು. ಹೋಂಡಾ 1982ರಲ್ಲಿ ಒಹಾಯೋದಲ್ಲಿ, ನಿಸಾನ್ 1983ರಲ್ಲಿ ಟೆನೆಸ್ಸಿಯಲ್ಲಿ ಉತ್ಪಾದನೆ ಶುರುಮಾಡಿದವು. ಟೊಯೋಟಾ ಹಿಂದೆ ಮುಂದೆ ನೋಡುತ್ತಿತ್ತು. ಅಮೆರಿಕದ ಕೆಲಸಗಾರರಿಂದ ತಮ್ಮ ಪದ್ಧತಿಯಲ್ಲಿ ಕೆಲಸ ಮಾಡಿಸಲು ಆಗುತ್ತದೆಯೇ ಎಂಬುದು ಅವರ ಅಳುಕು.

ಆ ಪದ್ಧತಿ ಏನೆಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ಟೊಯೋಟಾದ ಮೂಲ ಕಸುಬು ಕಾರಲ್ಲ, ಮಗ್ಗ. ಬಡಗಿಯ ಮಗನಾದ ಸಾಕಿಚಿ ಟೊಯೋಡಾ ಒಂದು ಸ್ವಯಂಚಾಲಿತ ಮಗ್ಗ ತಯಾರಿಸಿದ್ದ. ನೂಲಿನ ಒಂದೇ ಒಂದು ಎಳೆ ಹರಿದರೂ ಅದು ತಾನಾಗಿ ನಿಂತುಬಿಡುತ್ತಿತ್ತು. ಇಳಕಲ್ಲು, ಗುಳೇದಗುಡ್ಡ, ರಬಕವಿಯ ಕಡೆಯ ಕೇಳುಗರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ: ಹರಿದ ಎಳೆ ಕಾಣದೆ ಮಗ್ಗ ಓಡಿದರೆ ಇಡೀ ಸೀರೆ ಕೆಟ್ಟಿತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಒಂದು ಲಕ್ಷ ಪೌಂಡಿಗೆ ಈ ಮಗ್ಗದ ಹಕ್ಕು ಪಡೆಯಿತು. ಸಾಕಿಚಿಯ ಮಗ ಕೀಚಿರೋ ಕಾರಿನ ಕಡೆ ತಿರುಗಿದ. (1990ರ ದಶಕದಲ್ಲಿ ಈ ಬಳಗ ಕಿರ್ಲೋಸ್ಕರರ ಜೊತೆ ಸೇರಿ ಬೆಂಗಳೂರಿಗೆ ಕಾಲಿಟ್ಟದ್ದೂ ಮೊದಲು ಜವಳಿ ಯಂತ್ರಗಳ ಮೂಲಕವೇ. ಬಿಡದಿಯ ಕಾರು ಕಂಪನಿ ಆಮೇಲೆ 1997ರಲ್ಲಿ.) ಯುದ್ಧಾನಂತರ ತಾಯೀಚಿ ಓನೋ ಎಂಬ ಎಂಜಿನಿಯರ್ ಮಗ್ಗದ ಈ ಸೂತ್ರವನ್ನು ಕಾರಿನ ಲೈನಿಗೆ ತಂದರು. ಎಲ್ಲಿ ತಪ್ಪು ಕಂಡಿತೋ ಅಲ್ಲೇ ಕೆಲಸ ನಿಲ್ಲಬೇಕು. ನಿಲ್ಲಿಸುವವನು ಅಲ್ಲೇ ನಿಂತ ಕೆಲಸಗಾರ. ಅದಕ್ಕಾಗಿ ಅವನ ತಲೆಯ ಮೇಲೆ ಉದ್ದಕ್ಕೂ ಒಂದು ಹಗ್ಗ.

ಅಮೆರಿಕದ ಕಾರ್ಖಾನೆಗಳಲ್ಲಿ ಇದಕ್ಕೆ ತೀರಾ ವಿರುದ್ಧವಾದ ಕಟ್ಟಳೆ ಇತ್ತು. ಏನೇ ಆಗಲಿ, ಲೈನು ನಿಲ್ಲಕೂಡದು. ಎಂಜಿನ್ ತಿರುಗುಮುರುಗಾಗಿ ಕೂತಿದ್ದರೂ ಮುಂದಕ್ಕೆ ಕಳಿಸು, ಕೊನೆಯಲ್ಲಿ ಅಂಗಳದಲ್ಲಿ ರಿಪೇರಿಯವರು ನೋಡಿಕೊಳ್ಳುತ್ತಾರೆ. ಇಂಥ ಕಾರ್ಖಾನೆಗಳ ಪೈಕಿ ಅತಿ ಕುಖ್ಯಾತವಾದದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ. ಐದರಲ್ಲಿ ಒಬ್ಬ ಕೆಲಸಗಾರ ದಿನವೂ ಗೈರುಹಾಜರು. ಆಡಳಿತದವರ ಮೇಲಿನ ದೂರುಗಳು ಸಾವಿರಗಟ್ಟಲೆ ಬಾಕಿ. ಪಾಳಿಯಲ್ಲೇ ಕುಡಿತ, ಜೂಜು. ಸಿಟ್ಟಿನಿಂದ ಕಾರಿನ ಬಾಗಿಲಿನೊಳಗೆ ಖಾಲಿ ಬಾಟಲಿ ಹಾಕಿ ಮುಚ್ಚಿ, ಕೊಂಡವನಿಗೆ ಜೀವನವಿಡೀ ಲಟಲಟ ಸದ್ದು ಕೇಳಲಿ ಎಂದು ಬಿಟ್ಟದ್ದನ್ನು ಹಳೆಯ ಕೆಲಸಗಾರರೇ ಮುಂದೆ ಹೇಳಿಕೊಂಡಿದ್ದಾರೆ. 1982ರಲ್ಲಿ ಆ ಕಾರ್ಖಾನೆಗೆ ಬೀಗ ಬಿತ್ತು. ಐದು ಸಾವಿರದಷ್ಟು ಮಂದಿ ಬೀದಿಗೆ ಬಂದರು.

1983ರಲ್ಲಿ ಜನರಲ್ ಮೋಟರ್ಸ್ ಮತ್ತು ಟೊಯೋಟಾ ಇದೇ ಕಾರ್ಖಾನೆಯನ್ನು ಜಂಟಿಯಾಗಿ ನಡೆಸಲು ಒಪ್ಪಂದ ಮಾಡಿಕೊಂಡವು. ಹೊಸ ಕಂಪನಿಯ ಹೆಸರು 'ನುಮ್ಮಿ'. ಒಬ್ಬರಿಗೆ ಸಣ್ಣ ಕಾರು ಮಾಡುವುದನ್ನು ಕಲಿಯಬೇಕಿತ್ತು, ಇನ್ನೊಬ್ಬರಿಗೆ ಅಮೆರಿಕವನ್ನು ಕಲಿಯಬೇಕಿತ್ತು. ಕೀಚಿರೋನ ಮಗ ತಾತ್ಸುರೋ ಟೊಯೋಡಾ ಅಧ್ಯಕ್ಷರಾದರು. ಹೊಸಬರನ್ನು ತೆಗೆದುಕೊಂಡಿದ್ದರೆ ಈ ಕಥೆಗೆ ಅಷ್ಟು ಬೆಲೆ ಇರುತ್ತಿರಲಿಲ್ಲ. ಕೆಲಸಕ್ಕೆ ಸೇರಿಸಿಕೊಂಡವರಲ್ಲಿ ಸುಮಾರು ಶೇಕಡಾ 85 ಮಂದಿ ಹಳೆಯ ಫ್ರೀಮಾಂಟ್‌ನವರೇ. ಅದೇ ಯೂನಿಯನ್, ಅವರೇ ಮುಖಂಡರು. ಟೀಮ್ ಲೀಡರುಗಳನ್ನು ತಂಡತಂಡವಾಗಿ ಜಪಾನಿನ ಟಕಾವೋಕಾ ಕಾರ್ಖಾನೆಗೆ ಕಳಿಸಿ ಮೂರು ವಾರ ಲೈನಿನಲ್ಲಿ ನಿಲ್ಲಿಸಿದರು. ಒಬ್ಬ ಜಪಾನಿ ಕೆಲಸಗಾರ ತಡವರಿಸಿದಾಗ ಮೇಲ್ವಿಚಾರಕ ಓಡಿಬಂದು ಬೈಯುವುದರ ಬದಲು "ಏನು ಸಹಾಯ ಬೇಕು?" ಎಂದು ಕೇಳಿದ್ದು ಅವರಿಗೆ ನಂಬಲಾಗದ ಸಂಗತಿಯಾಗಿತ್ತು.

1984ರ ಡಿಸೆಂಬರಿನಲ್ಲಿ ಮೊದಲ ಕಾರು ಹೊರಬಂತು. ಹಗ್ಗದ ಕೆಲಸ ಹೇಗೆಂದರೆ, ಒಂದು ಬೋಲ್ಟು ಸರಿಯಾಗಿ ಕೂರಲಿಲ್ಲ ಅನ್ನಿ. ಕೆಲಸಗಾರ ಹಗ್ಗ ಎಳೆಯುತ್ತಾನೆ. ಮೇಲಿನ ಫಲಕದಲ್ಲಿ ದೀಪ ಹೊತ್ತಿ, ಒಂದು ರಾಗ ಕೇಳಿಸುತ್ತದೆ. ಟೀಮ್ ಲೀಡರ್ ಓಡಿಬರುತ್ತಾನೆ. ಗಾಡಿ ಗೆರೆ ದಾಟುವುದರೊಳಗೆ ಸರಿಯಾದರೆ ಲೈನು ನಿಲ್ಲುವುದೇ ಇಲ್ಲ. ಆಗದಿದ್ದರೆ ಆ ಭಾಗ ನಿಲ್ಲುತ್ತದೆ, ಮತ್ತು ಏಕೆ ಹೀಗಾಯಿತು ಎಂದು ಬುಡದವರೆಗೆ ಹುಡುಕುತ್ತಾರೆ. ಎಂಬತ್ತಕ್ಕೂ ಹೆಚ್ಚಿದ್ದ ಕೆಲಸದ ದರ್ಜೆಗಳು ಬೆರಳೆಣಿಕೆಗೆ ಇಳಿದವು, ಆಡಳಿತದವರ ಪ್ರತ್ಯೇಕ ಊಟದ ಕೋಣೆ ಹೋಯಿತು. ಇದಕ್ಕಿಂತ ಮುಖ್ಯವಾದದ್ದು ಒಪ್ಪಂದದಲ್ಲಿದ್ದ ಒಂದು ಮಾತು: ಕಂಪನಿಯ ಉಳಿವಿಗೇ ಸಂಚಕಾರ ಬಂದ ಹೊರತು ಯಾರನ್ನೂ ಮನೆಗೆ ಕಳಿಸುವುದಿಲ್ಲ. 1980ರ ದಶಕದ ಕೊನೆಗೆ ಕಾರು ಮಾರಾಟ ಕುಸಿದಾಗ ಆ ಮಾತು ಉಳಿಯಿತು. ಕೆಲಸವಿಲ್ಲದವರನ್ನು ತರಬೇತಿಗೆ, ಕಾರ್ಖಾನೆಯ ಸುಧಾರಣೆಗೆ ಹಚ್ಚಿದರು. ನನ್ನ ಮಟ್ಟಿಗೆ ಹೇಳುವುದಾದರೆ, ಈ ಭರವಸೆ ಇಲ್ಲದಿದ್ದರೆ ಹಗ್ಗ ಎಳೆಯುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ತನ್ನ ತಪ್ಪನ್ನು ತಾನೇ ತೋರಿಸಿಕೊಟ್ಟರೆ ನಾಳೆ ಕೆಲಸ ಹೋಗುತ್ತದೆ ಎಂದಿದ್ದರೆ ನೀವಾದರೂ ಎಳೆಯುತ್ತೀರಾ?

ಫಲ ಏನಾಯಿತು? ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಸಂಶೋಧಕರು 1980ರ ದಶಕದ ಮಧ್ಯದಲ್ಲಿ ಕಾರ್ಖಾನೆಗಳನ್ನು ಹೋಲಿಸಿ ನೋಡಿದರು. ಜನರಲ್ ಮೋಟರ್ಸಿನ ಫ್ರೇಮಿಂಗ್‌ಹ್ಯಾಮ್ ಕಾರ್ಖಾನೆಯಲ್ಲಿ ಒಂದು ಕಾರು ಜೋಡಿಸಲು 31 ಗಂಟೆಗಳ ದುಡಿಮೆ ಬೇಕಿತ್ತು. ಜಪಾನಿನ ಟಕಾವೋಕಾದಲ್ಲಿ 16, ಫ್ರೀಮಾಂಟ್‌ನಲ್ಲಿ 19. ನೂರು ಕಾರಿಗೆ ದೋಷಗಳ ಲೆಕ್ಕ ಹಿಡಿದರೆ ಫ್ರೇಮಿಂಗ್‌ಹ್ಯಾಮ್‌ನಲ್ಲಿ 135, ಟಕಾವೋಕಾದಲ್ಲಿ 45, ಫ್ರೀಮಾಂಟ್‌ನಲ್ಲೂ 45. ಅಮೆರಿಕದ ಕೆಲಸಗಾರ ಸೋಮಾರಿ ಎಂದು ಹೇಳುತ್ತಿದ್ದವರಿಗೆ ಬಾಯಿ ಕಟ್ಟಿತು. ಜನರಲ್ ಮೋಟರ್ಸ್ ಇದೇ ಪದ್ಧತಿಯನ್ನು ಲಾಸ್ ಏಂಜಲೀಸ್ ಬಳಿಯ ವ್ಯಾನ್ ನೈಸ್ ಕಾರ್ಖಾನೆಗೆ ಕೊಂಡೊಯ್ದು ನೋಡಿತು. ಅಲ್ಲಿ ಕೆಲಸಗಾರರಲ್ಲಿ ಒಡಕು, ಮೇಲ್ವಿಚಾರಕರಿಗೆ ಅಧಿಕಾರ ಬಿಡಲು ಮನಸ್ಸಿಲ್ಲ. 1992ರಲ್ಲಿ ಅದು ಮುಚ್ಚಿತು.

ಹಾಗೆಂದು ಎಲ್ಲವೂ ಹಾಲುಜೇನು ಎಂದುಕೊಳ್ಳಬೇಡಿ. ಹಳೆಯ ಕಾರ್ಖಾನೆಯಲ್ಲಿ ಒಂದು ನಿಮಿಷಕ್ಕೆ 45 ಸೆಕೆಂಡು ಕೈ ಓಡುತ್ತಿದ್ದರೆ ಇಲ್ಲಿ 57 ಸೆಕೆಂಡು ಓಡಬೇಕಿತ್ತು. ಉಸಿರು ಬಿಡಲು ಮೂರು ಸೆಕೆಂಡು. ಇದು ಒತ್ತಡ ಹೇರಿ ಹಿಂಡುವ ಪದ್ಧತಿ ಎಂದು ಕಾರ್ಮಿಕ ಚಳವಳಿಯ ಒಂದು ವರ್ಗ ಟೀಕಿಸಿತು. 1993ರಲ್ಲಿ ಹೊಸ ಮಾದರಿಯ ಕಾರು ಬಂದಾಗ ಕೈನೋವು, ಬೆನ್ನುನೋವಿನ ದೂರುಗಳು ಹೆಚ್ಚಿ, ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆ ನೋಟಿಸು ಕೊಟ್ಟಿತು. ಹಗ್ಗಕ್ಕೆ ಬೋಲ್ಟಿನ ತಪ್ಪು ಕಾಣುತ್ತದೆ, ವೇಗವೇ ತಪ್ಪಾದರೆ ಅದನ್ನು ಯಾವ ಹಗ್ಗ ಎಳೆದು ಹೇಳುವುದು? ನಮ್ಮ ಬಿಡದಿಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. 2020ರ ನವೆಂಬರಿನಲ್ಲಿ ಕೆಲಸದ ಹೊರೆ ಮತ್ತು ಯೂನಿಯನ್ ಪದಾಧಿಕಾರಿಯೊಬ್ಬರ ಅಮಾನತಿನ ವಿಚಾರದಲ್ಲಿ ಮುಷ್ಕರ ನಡೆದು, ಕಂಪನಿ ಲಾಕ್‌ಔಟ್ ಘೋಷಿಸಿತು. ಅದು ಬಗೆಹರಿಯಲು 2021ರ ಮಾರ್ಚ್ ಬರಬೇಕಾಯಿತು.

ಫ್ರೀಮಾಂಟ್‌ನಲ್ಲಿ ಧೈರ್ಯ ಬಂದ ಮೇಲೆ ಟೊಯೋಟಾ ತಡಮಾಡಲಿಲ್ಲ. 1988ರಲ್ಲಿ ಕೆಂಟಕಿ ರಾಜ್ಯದ ಜಾರ್ಜ್‌ಟೌನ್‌ನಲ್ಲಿ ಸ್ವಂತ ಕಾರ್ಖಾನೆಯಿಂದ ಕ್ಯಾಮ್ರಿ ಹೊರಬಂತು. ಇಲ್ಲಿ ಯೂನಿಯನ್ ಇಲ್ಲ, ಗಮನಿಸಿ. 1989ರಲ್ಲಿ ಶ್ರೀಮಂತರಿಗಾಗಿ ಲೆಕ್ಸಸ್ ಬಂತು. ಬಂದ ಮೂರೇ ತಿಂಗಳಲ್ಲಿ ಸಣ್ಣ ದೋಷವೊಂದು ಕಂಡು, ಮಾರಿದ್ದ ಸುಮಾರು ಎಂಟು ಸಾವಿರ ಕಾರುಗಳನ್ನು ವಾಪಸು ಕರೆಸಿದರು. ಗಿರಾಕಿಯ ಮನೆಗೇ ಹೋಗಿ ಗಾಡಿ ತಂದು, ರಿಪೇರಿ ಮಾಡಿ, ತೊಳೆದು, ಟ್ಯಾಂಕ್ ತುಂಬಿಸಿ ಹಿಂತಿರುಗಿಸಿದರು. ಮಾನ ಹೋಗಬೇಕಾದ ಕಡೆ ಮಾನ ಹೆಚ್ಚಿತು. 1997ರಲ್ಲಿ ಕ್ಯಾಮ್ರಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಕಾರಾಯಿತು. 2000ದಲ್ಲಿ ಪೆಟ್ರೋಲ್ ಜೊತೆ ವಿದ್ಯುತ್ತಿನಿಂದಲೂ ಓಡುವ ಪ್ರಿಯಸ್ ಬಂತು.

ಆಮೇಲೆ ಬಂದದ್ದು 2009ರ ಆಗಸ್ಟ್. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಬಳಿ ಒಂದು ಲೆಕ್ಸಸ್ ಕಾರು ವೇಗ ಇಳಿಸಲಾಗದೆ ನುಗ್ಗಿ, ಒಳಗಿದ್ದ ನಾಲ್ವರೂ ಸತ್ತರು. ಕಾಲಡಿಯ ಮ್ಯಾಟು ಆಕ್ಸಿಲರೇಟರ್ ಪೆಡಲಿಗೆ ಸಿಕ್ಕಿಕೊಂಡಿತ್ತು. ಒತ್ತಿದ ಪೆಡಲ್ ಮೇಲೇಳದೆ ಅಂಟಿಕೊಳ್ಳುವ ಬೇರೊಂದು ದೋಷವೂ ಕೆಲವು ಮಾದರಿಗಳಲ್ಲಿ ಇತ್ತು. ಲಕ್ಷಗಟ್ಟಲೆ ಕಾರುಗಳನ್ನು ವಾಪಸು ಕರೆಸಬೇಕಾಯಿತು. 2010ರ ಜನವರಿಯಲ್ಲಿ ಎಂಟು ಮಾದರಿಗಳ ಮಾರಾಟವನ್ನೇ ನಿಲ್ಲಿಸಿದರು. ಫೆಬ್ರವರಿ 24ರಂದು ಸಾಕಿಚಿಯ ಮರಿಮಗ, ಕಂಪನಿಯ ಅಧ್ಯಕ್ಷ ಅಕಿಯೋ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಿದರು. ನಾವು ಬೆಳೆದ ವೇಗ ಮಿತಿ ಮೀರಿತ್ತೇನೋ ಎಂಬ ಅರ್ಥದ ಮಾತನ್ನು ಅವರೇ ಆಡಿದರು. ಕಾರಿನ ಎಲೆಕ್ಟ್ರಾನಿಕ್ಸೇ ಕೆಟ್ಟಿದೆ ಎಂಬ ಗುಮಾನಿಯೂ ಇತ್ತು. ನಾಸಾದ ಎಂಜಿನಿಯರುಗಳು ಪರೀಕ್ಷಿಸಿ, ಅದಕ್ಕೆ ಆಧಾರ ಸಿಗಲಿಲ್ಲ ಎಂದು 2011ರಲ್ಲಿ ವರದಿ ಕೊಟ್ಟರು. ಆದರೆ ಮ್ಯಾಟು, ಪೆಡಲುಗಳ ವಿಚಾರದಲ್ಲಿ ತನಗೆ ಗೊತ್ತಿದ್ದದ್ದನ್ನು ಗ್ರಾಹಕರಿಂದ ಮರೆಮಾಚಿತೆಂಬ ಆರೋಪ ನಿಂತಿತು. 2014ರಲ್ಲಿ ಕಂಪನಿ ಅದನ್ನು ಒಪ್ಪಿಕೊಂಡು 120 ಕೋಟಿ ಡಾಲರ್ ದಂಡ ತೆರಬೇಕಾಯಿತು. ಲೈನಿನ ಹುಡುಗನಿಗೆ ಹಗ್ಗ ಕೊಟ್ಟ ಕಂಪನಿಯ ಮೇಲಿನ ಅಂತಸ್ತಿನಲ್ಲಿ ಹಗ್ಗ ಇರಲಿಲ್ಲ. ಇದ್ದಿದ್ದರೂ ಎಳೆಯುವವರಿರಲಿಲ್ಲ.

ಅಮೆರಿಕದ ಗ್ರಾಹಕರು ಮಾತ್ರ ಬಹುಬೇಗ ಮರಳಿದರು. 2017ರಲ್ಲಿ ಟೊಯೋಟಾದ ಅಮೆರಿಕನ್ ಕೇಂದ್ರ ಕಚೇರಿ ಕ್ಯಾಲಿಫೋರ್ನಿಯಾ ಬಿಟ್ಟು ಟೆಕ್ಸಾಸ್‌ನ ಪ್ಲೇನೋ ಸೇರಿತು. 2021ರಲ್ಲಿ ಟೊಯೋಟಾ ಆ ದೇಶದಲ್ಲಿ 23 ಲಕ್ಷಕ್ಕೂ ಹೆಚ್ಚು ವಾಹನ ಮಾರಿ ಜನರಲ್ ಮೋಟರ್ಸನ್ನು ಹಿಂದೆ ಹಾಕಿತು. ತನ್ನ ನೆಲದಲ್ಲೇ ಜನರಲ್ ಮೋಟರ್ಸ್ ಎರಡನೆಯ ಸ್ಥಾನಕ್ಕೆ ಇಳಿದದ್ದು 1931ರಿಂದ ಈಚೆಗೆ ಅದೇ ಮೊದಲು. ಆ ವರ್ಷ ಚಿಪ್‌ಗಳ ಅಭಾವವಿತ್ತು, ಮರುವರ್ಷ ಮತ್ತೆ ಸ್ಥಾನ ಅದಲುಬದಲಾಯಿತು ಎಂಬುದನ್ನೂ ಹೇಳಬೇಕು. ಆದರೂ 287 ಕಾರು ಮಾರಿದವರ ಮಟ್ಟಿಗೆ ಇದು ಸಣ್ಣ ಮಾತಲ್ಲ.

ಇನ್ನು ಫ್ರೀಮಾಂಟ್ ಏನಾಯಿತು ಎಂದು ನೀವು ಕೇಳಬಹುದು. 2009ರಲ್ಲಿ ಜನರಲ್ ಮೋಟರ್ಸ್ ದಿವಾಳಿಯಾಗಿ ಪಾಲುದಾರಿಕೆಯಿಂದ ಹೊರಬಿತ್ತು. ಒಂಟಿಯಾಗಿ ನಡೆಸುವುದು ಲಾಭದಾಯಕವಲ್ಲ ಎಂದು ಟೊಯೋಟಾವೂ ಕೈಬಿಟ್ಟಿತು. ಅಮೆರಿಕದಲ್ಲಿ ಟೊಯೋಟಾ ಕಾರು ಜೋಡಿಸುತ್ತಿದ್ದ ಕಾರ್ಖಾನೆಗಳ ಪೈಕಿ ಆ ದೇಶದ ಪ್ರಮುಖ ವಾಹನ ಕಾರ್ಮಿಕ ಸಂಘಕ್ಕೆ ಮಾನ್ಯತೆ ಇದ್ದದ್ದು ಇದೊಂದರಲ್ಲೇ. ಕೊನೆಗೆ ಉಳಿದಿದ್ದ ಸುಮಾರು 4,700 ಕೆಲಸಗಾರರಲ್ಲಿ 1984ರಿಂದ ದುಡಿದವರೂ ಇದ್ದರು. 2010ರ ಏಪ್ರಿಲ್ 1ರಂದು ಕೆಂಪು ಬಣ್ಣದ ಒಂದು ಕೊರೊಲಾ ಲೈನಿನಿಂದ ಇಳಿಯಿತು, ಅದೇ ಕಡೆಯದು. ಮರುತಿಂಗಳು ಟೆಸ್ಲಾ ಎಂಬ ಆಗಿನ್ನೂ ಪುಟ್ಟದಾಗಿದ್ದ ಕಂಪನಿ 4 ಕೋಟಿ 20 ಲಕ್ಷ ಡಾಲರಿಗೆ ಆ ಕಟ್ಟಡ ಕೊಳ್ಳುವುದಾಗಿ ಪ್ರಕಟಿಸಿತು. 2012ರಿಂದ ಅಲ್ಲಿ ಅವರ ವಿದ್ಯುತ್ ಕಾರುಗಳು ತಯಾರಾಗುತ್ತಿವೆ. ಯೂನಿಯನ್ ಅಲ್ಲಿಗೆ ಮರಳಿಲ್ಲ.